ಟೆಂಟಿನ ತೂಕ

ನಮ್ಮ ಮನೆಯ ಅಡುಗೆಯ ತಕ್ಕಡಿ ಐದು ಕಿಲೋದವರೆಗೆ ಮಾತ್ರ ತೂಗುತ್ತದೆ. ಅದರ ಮೇಲೆ ಕಳೆದ ಭಾನುವಾರ ಬೆಳಿಗ್ಗೆ ನನ್ನ ಮಗಳು ಹೊಸ ಟೆಂಟನ್ನು ಚೀಲದ ಸಮೇತ ಇಟ್ಟು, ಅಂಕಿ ನಿಲ್ಲುವವರೆಗೆ ಉಸಿರು ಹಿಡಿದುಕೊಂಡು ನೋಡಿ, "ಎರಡು ಕಿಲೋ ಆರುನೂರ ನಲವತ್ತು ಗ್ರಾಂ, ಬರ್ಕೋ ಅಮ್ಮ" ಎಂದಳು. ನಾನು ಹಳೆಯ ಹಾಲಿನ ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡೆ. ಅದೇ ಹೊತ್ತಿಗೆ ಬೀನ್ಸ್ ನಾರು ತೆಗೆಯುತ್ತ ಕುಳಿತಿದ್ದ ನನ್ನ ಅಮ್ಮ ತಲೆ ಎತ್ತದೆಯೇ ಕೇಳಿದರು: "ಕಾಡಲ್ಲಿ ಮಲಗಕ್ಕೆ ಮನೆ ಹೊತ್ಕಂಡು ಹೋಗ್ತೀರನೆ? ನಾವು ಕಾಡು ಮನೆಯೊಳಗೆ ಬರದ ಹಾಗೆ ನೋಡ್ಕಳದ್ರಲ್ಲೇ ಆಯುಷ್ಯ ಕಳೆದ್ವಲ್ಲ!"

ಅಮ್ಮ ಹುಟ್ಟಿ ಬೆಳೆದದ್ದು, ಮದುವೆಯಾಗಿ ಬಂದದ್ದು ಎರಡೂ ತೀರ್ಥಹಳ್ಳಿ ಸೀಮೆಯ ಕಾಡಂಚಿನ ಮನೆಗಳೇ. ಸಂಜೆ ಆರು ಗಂಟೆಗೆ ಕೊಟ್ಟಿಗೆಯ ಬಾಗಿಲು ಹಾಕಿ, ದೀಪ ಹಚ್ಚಿ, ಆಮೇಲೆ ಅಂಗಳದ ಆಚೆಗೆ ಹೋಗುವುದೆಂದರೆ ಅದಕ್ಕೊಂದು ಬಲವಾದ ಕಾರಣ ಇರಲೇಬೇಕು ಎಂಬುದು ಅವರ ಮಟ್ಟಿಗೆ ವಾದಕ್ಕೆ ನಿಲ್ಲುವ ವಿಷಯವೇ ಅಲ್ಲ. ಅಂಥವರ ಮುಂದೆ ಕುಳಿತು, ನವೆಂಬರ್ ತಿಂಗಳಲ್ಲಿ ಕುಮಾರಪರ್ವತದ ತಪ್ಪಲಿಗೆ ಹೋಗುವ ಯೋಜನೆಯನ್ನು ನಾವು ಜುಲೈನಿಂದ ಹೆಣೆಯುತ್ತಿದ್ದೇವೆ. ಹೋಗುವವರು ನಾಲ್ವರು: ನಾನು, ಕಾಲೇಜಿಗೆ ಹೋಗುವ ಮಗಳು, ಅಕ್ಕನ ಮಗ ಮತ್ತು ಸಹ್ಯಾದ್ರಿಯ ಒಂದು ಶಿಖರವನ್ನೂ ಇದುವರೆಗೆ ಹತ್ತದ ನನ್ನ ಗೆಳತಿಯೊಬ್ಬಳು. ಇಷ್ಟು ಸಣ್ಣ ಪ್ರಯಾಣಕ್ಕೆ ಇಷ್ಟು ದೀರ್ಘ ತಯಾರಿ ಯಾಕೆ ಎಂದು ಗೆಳತಿ ಕೇಳಿದಾಗ ನಾನು ಜಾರಿಕೆಯ ಉತ್ತರ ಕೊಟ್ಟೆ. ನಿಜವಾದ ಉತ್ತರ 1997ರ ಡಿಸೆಂಬರಿನಲ್ಲಿದೆ.

ಆಗ ನಾವು ಆರು ಮಂದಿ ಎಂ.ಎಸ್‌ಸಿ. ಓದುತ್ತಿದ್ದ ಹುಡುಗ ಹುಡುಗಿಯರು ರಾತ್ರಿ ಬಸ್ಸಿನಲ್ಲಿ ಕುಕ್ಕೆ ಸುಬ್ರಹ್ಮಣ್ಯಕ್ಕೆ ಬಂದಿಳಿದು, ಕುಮಾರಧಾರೆಯಲ್ಲಿ ಮುಖ ತೊಳೆದು, ದೇವಸ್ಥಾನದ ಹಿಂಬದಿಯ ರಸ್ತೆಯಿಂದ ಕಾಡಿಗೆ ಹೊಕ್ಕಿದ್ದೆವು. ನಮ್ಮ ಬಳಿ ತಲಾ ಒಂದು ಲೀಟರ್ ನೀರು, ಎರಡು ಟಾರ್ಚು, ಲಾರಿಗೆ ಹೊದಿಸುವಂಥ ಒಂದು ಟಾರ್ಪಾಲು, ಅರ್ಧ ಲೀಟರ್ ಸೀಮೆಎಣ್ಣೆ ಮತ್ತು ಬೇಕಾದಷ್ಟು ಆತ್ಮವಿಶ್ವಾಸ ಇದ್ದವು. ಗಿರಿಗದ್ದೆಯ ಭಟ್ಟರ ಮನೆಯಲ್ಲಿ ಅನ್ನ, ಸಾರು, ಮಜ್ಜಿಗೆ ಉಂಡು ಜಗುಲಿಯಲ್ಲಿ ಅರ್ಧ ಗಂಟೆ ಕಣ್ಣು ಮುಚ್ಚಿದವರು ಎದ್ದದ್ದು ಎರಡು ಗಂಟೆಯ ನಂತರ. ಕಲ್ಲುಮಂಟಪ ದಾಟಿ, ಶೇಷಪರ್ವತದ ಬೋಳು ಏಣನ್ನು ಏದುಸಿರು ಬಿಡುತ್ತ ಹತ್ತಿ, ಕೊನೆಯ ಕಾಡಿನ ತುಂಡಿಗೆ ಇಳಿಯುವಷ್ಟರಲ್ಲಿ ಸೂರ್ಯ ಕಂತಿಯಾಗಿತ್ತು. ಮೇಲೆ ಬಂಡೆ ಹತ್ತುವ ಧೈರ್ಯವಾಗದೆ, ಆ ಕಾಡಿನ ಅಂಚಿನಲ್ಲೇ ಟಾರ್ಪಾಲು ಕಟ್ಟಿದೆವು. ಚಳಿ ಎಂದರೆ ಅದು ಮೈಸೂರಿನವರು ಸ್ವೆಟರ್ ಹಾಕಿಕೊಳ್ಳುವ ಚಳಿಯಲ್ಲ. ಗಾಳಿ ಟಾರ್ಪಾಲಿನ ಒಳಗೆ ನುಗ್ಗಿ ಅದನ್ನು ಹಾಯಿಯಂತೆ ಎಬ್ಬಿಸುತ್ತಿತ್ತು. ಹಸಿ ಕಟ್ಟಿಗೆಗೆ ಸೀಮೆಎಣ್ಣೆ ಸುರಿದು ಬೆಂಕಿ ಹಾಕಿದೆವು. ಸುತ್ತ ಕುಳಿತು ಹಾಡಿದೆವು, ನಕ್ಷತ್ರ ಎಣಿಸಿದೆವು, ಎಲ್ಲರೂ ಮಾಡುವುದನ್ನೆಲ್ಲ ಮಾಡಿದೆವು.

ಈ ಕಥೆಯನ್ನು ನನ್ನ ಮಗಳು ಇಪ್ಪತ್ತು ಸಲವಾದರೂ ಕೇಳಿದ್ದಾಳೆ. ಅವಳಿಗೆ ನಾನು ಹೇಳದೆ ಬಿಟ್ಟಿದ್ದ ಭಾಗ ಬೆಳಗಿನದು. ಬೆಳಕು ಹರಿದಾಗ ನೋಡಿದರೆ, ನಾವು ಬೆಂಕಿ ಹಾಕಿದ್ದ ಜಾಗ ನೆಲವಾಗಿರಲಿಲ್ಲ; ಕುಳ್ಳಾದ, ಮೈತುಂಬ ಹಾವಸೆ ಹೊದ್ದ ಒಂದು ಮರದ ಬೇರಿನ ಹಾಸಾಗಿತ್ತು. ಬೇರುಗಳ ತೊಗಟೆ ಸುಲಿದು ಕಪ್ಪಾಗಿತ್ತು, ಒಂದು ಬೇರಿನ ಒಳಗಿಂದ ಇನ್ನೂ ಹೊಗೆ ಬರುತ್ತಿತ್ತು. ಆರಿಸಲು ನಮ್ಮಲ್ಲಿ ನೀರಿರಲಿಲ್ಲ. ಒಬ್ಬ ಕಾಲಿನಿಂದ ಮಣ್ಣು ತಳ್ಳಿದ. ಶಿಖರಕ್ಕೂ ಹೋಗದೆ, ಬಾಯಾರಿಕೆಯಿಂದ ಯಾರೊಂದಿಗೆ ಯಾರೂ ಮಾತಾಡದೆ ಇಳಿದೆವು. ಶೋಲಾ ಎಂದು ಕರೆಯುವ, ಹುಲ್ಲುಗುಡ್ಡಗಳ ನಡುವಿನ ಕಣಿವೆಗಳಲ್ಲಿರುವ ಆ ಎತ್ತರದ ಕುಳ್ಳು ಕಾಡಿನ ಮರಗಳು ಗಾಳಿಗೆ, ತೆಳು ಮಣ್ಣಿಗೆ ಒಗ್ಗಿ ಬಹಳ ನಿಧಾನವಾಗಿ ಬೆಳೆಯುವಂಥವು ಎಂಬುದನ್ನು ಪುಸ್ತಕದಲ್ಲಿ ಓದಿ ಪರೀಕ್ಷೆ ಬರೆದು ಪಾಸಾದವರೇ ನಾವೆಲ್ಲ.

ಆದ್ದರಿಂದ ಮಗಳು ಈ ಸಲ, "ಅಮ್ಮ, ನೀವು ಮಲಗಿದ ಜಾಗದಲ್ಲೇ ನಾವೂ ಟೆಂಟ್ ಹಾಕೋಣ" ಎಂದಾಗ ಮೊದಲು ಆ ಬೆಳಗಿನ ಕಥೆಯನ್ನು ಹೇಳಬೇಕಾಯಿತು. ಆಮೇಲೆ ಕಾನೂನಿನ ಕಥೆ. ಪುಷ್ಪಗಿರಿ ವನ್ಯಜೀವಿಧಾಮವೆಂದು ಘೋಷಣೆಯಾಗಿರುವ ಸುಮಾರು 102 ಚದರ ಕಿಲೋಮೀಟರ್ ಕಾಡಿನ ನೆತ್ತಿಯೇ ಕುಮಾರಪರ್ವತ. 2012ರಲ್ಲಿ ಯುನೆಸ್ಕೋ ಪಶ್ಚಿಮಘಟ್ಟದ 39 ತಾಣಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ಅದರಲ್ಲಿ ಈ ವನ್ಯಧಾಮವೂ ಇತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ವನ್ಯಧಾಮದೊಳಗೆ ಅನುಮತಿಯಿಲ್ಲದೆ ಕಾಲಿಡುವಂತಿಲ್ಲ; ಬೆಂಕಿಯ ವಿಷಯದಲ್ಲಂತೂ ಕಾಯ್ದೆ ಕಾಡಿಗೆ ಬೆಂಕಿ ಇಡುವುದನ್ನು ಮಾತ್ರವಲ್ಲ, ವನ್ಯಧಾಮಕ್ಕೆ ಅಪಾಯವಾಗುವಂತೆ ಯಾವುದೇ ಬೆಂಕಿಯನ್ನು ಹೊತ್ತಿಸುವುದನ್ನೂ ನಿಷೇಧಿಸಿದೆ. ಅಂದರೆ ನಾವು 1997ರಲ್ಲಿ ಮಾಡಿದ್ದು ಆಗಲೂ ತಪ್ಪೇ ಆಗಿತ್ತು. ಕೇಳುವವರು ಇರಲಿಲ್ಲ, ಅಷ್ಟೇ.

ಕೇಳುವವರು ಬಂದದ್ದು ನಮ್ಮಂಥವರ ಸಂಖ್ಯೆ ಮಿತಿ ಮೀರಿದ ಮೇಲೆ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಜಾತ್ರೆಯ ಸರದಿಯಂತೆ ಜನ ನಿಂತಿದ್ದ ಚಿತ್ರಗಳನ್ನು ಬಹಳಷ್ಟು ಓದುಗರು ಮೊಬೈಲಿನಲ್ಲಿ ನೋಡಿಯೇ ಇರುತ್ತೀರಿ. ಅದಾದ ಕೆಲವೇ ದಿನಗಳಲ್ಲಿ ಸರ್ಕಾರ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. ಅದೇ ವರ್ಷ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣ ಬಂತು. ಈಗ ದಿನಕ್ಕೆ ಇಷ್ಟೇ ಜನ ಎಂಬ ಮಿತಿಯೊಳಗೆ, ಗುರುತಿನ ಚೀಟಿ ಕೊಟ್ಟು, ಮುಂಗಡವಾಗಿ ಹೆಸರು ನೋಂದಾಯಿಸಿಕೊಂಡೇ ಹೋಗಬೇಕು. ಶಿಖರದ ಮೇಲೆ ರಾತ್ರಿ ತಂಗುವ ಮಾತೇ ಇಲ್ಲ. ಚಾರಣದ ಗುಂಪುಗಳಲ್ಲಿ ಈ ಬಗ್ಗೆ ಗೊಣಗುವವರು ಬಹಳ ಮಂದಿ ಇದ್ದಾರೆ, ನಮ್ಮ ಅಕ್ಕನ ಮಗನೂ ಅವರಲ್ಲೊಬ್ಬ. "ಹೊರದೇಶದಲ್ಲಾದ್ರೆ ಕಾಡಿನೊಳಗೇ ಕ್ಯಾಂಪ್ ಮಾಡೋಕೆ ಜಾಗ ಕೊಡ್ತಾರೆ ಚಿಕ್ಕಮ್ಮ" ಎಂಬುದು ಅವನ ವಾದ. ಕೊಡುತ್ತಾರೆ, ನಿಜ. ಆದರೆ ಅವನು ಹೇಳುವ ಕಾಡುಗಳ ಎಷ್ಟು ಏಣುಗಳ ಮೇಲೆ ರಾತ್ರಿ ಆನೆ, ಕಾಟಿಗಳು ನಾವು ನಡೆಯುವ ಕಾಲುದಾರಿಯನ್ನೇ ಬಳಸುತ್ತವೆ ಎಂದು ನಾನು ಕೇಳಿದ್ದಕ್ಕೆ ಅವನು ಉತ್ತರ ಹುಡುಕುತ್ತಿದ್ದಾನೆ. ಹಗಲು ನಾವು ನಡೆದು ಬರುವುದನ್ನು ಆ ಕಾಡು ಹೇಗೋ ಸಹಿಸಿಕೊಳ್ಳುತ್ತದೆ; ರಾತ್ರಿಯನ್ನೂ ನಾವೇ ತೆಗೆದುಕೊಂಡರೆ ಅವು ನೀರಿಗೆ ಇಳಿಯುವುದು ಯಾವಾಗ?

ಹೀಗೆ ನಮ್ಮ ಯೋಜನೆ ಮೊದಲ ತಿಂಗಳಲ್ಲೇ ಎರಡು ತುಂಡಾಯಿತು. ನಡಿಗೆ ಕಾಡಿನೊಳಗೆ, ಹಗಲಿನಲ್ಲಿ. ಟೆಂಟು ಕಾಡಿನ ಹೊರಗೆ, ಸೋಮವಾರಪೇಟೆ ಕಡೆಯ ಒಂದು ಕಾಫಿ ತೋಟದ ಮನೆಯ ಅಂಗಳದಲ್ಲಿ. ತೋಟ ನನ್ನ ಹಳೆಯ ಸಹಪಾಠಿಯ ಅಣ್ಣನದು.

ಯಾವ ಕಡೆಯಿಂದ ಹತ್ತುವುದು ಎಂಬುದನ್ನು ತೀರ್ಮಾನಿಸಲು ನಾವು ಒಂದು ಇಡೀ ಶನಿವಾರ ಕಳೆದೆವು. ಆ ದಿನವನ್ನು ನಾನು ಈ ತಯಾರಿಯ ಅತ್ಯಂತ ಸುಖದ ದಿನವೆಂದು ನೆನೆಯುತ್ತೇನೆ. ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಪ್ರಮಾಣದ ನಕ್ಷೆಯನ್ನು ದೊಡ್ಡದಾಗಿ ಮುದ್ರಿಸಿಕೊಂಡು ಊಟದ ಮೇಜಿನ ಮೇಲೆ ಹರಡಿದ್ದೆವು. ಈ ನಕ್ಷೆಯಲ್ಲಿ ಎರಡು ಸೆಂಟಿಮೀಟರಿಗೆ ಒಂದು ಕಿಲೋಮೀಟರ್. ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಒಂದು ಸಮೋನ್ನತಿ ಗೆರೆಗೂ ಇನ್ನೊಂದಕ್ಕೂ ನಡುವೆ 20 ಮೀಟರ್ ಎತ್ತರ. ಅಮ್ಮನ ಉಲ್ಲನ್ ಬುಟ್ಟಿಯಿಂದ ಕೆಂಪು ದಾರವೊಂದನ್ನು ಕದ್ದು, ಮೊಬೈಲಿನಲ್ಲಿ ಸಿಕ್ಕಿದ ದಾರಿಯನ್ನು ನೋಡಿಕೊಂಡು, ತಿರುವು ತಿರುವಿಗೂ ದಾರವನ್ನು ಬೆರಳಿನಿಂದ ಒತ್ತುತ್ತ ಮಗಳು ಸುಬ್ರಹ್ಮಣ್ಯದಿಂದ ಶಿಖರದವರೆಗೆ ಕೂರಿಸಿದಳು. ಆಮೇಲೆ ದಾರವನ್ನು ನೇರ ಮಾಡಿ ಅಳೆದರೆ ಹೆಚ್ಚುಕಡಿಮೆ 12 ಕಿಲೋಮೀಟರ್. ದಾರ ದಾಟಿದ ಗೆರೆಗಳನ್ನು ಎಣಿಸುವ ಕೆಲಸ ಅಕ್ಕನ ಮಗನದು. ಸುಬ್ರಹ್ಮಣ್ಯ ಇರುವುದು ಸಮುದ್ರಮಟ್ಟದಿಂದ ಸುಮಾರು 120 ಮೀಟರ್ ಮೇಲೆ, ಶಿಖರ 1712 ಮೀಟರ್. ಅವನು ಎಣಿಸಿ ಎಣಿಸಿ, ಶೇಷಪರ್ವತದ ಹತ್ತಿರ ಗೆರೆಗಳು ಒಂದಕ್ಕೊಂದು ಅಂಟಿಕೊಂಡ ಕಡೆ ಮೂರು ಸಲ ಲೆಕ್ಕ ತಪ್ಪಿ, ಕೊನೆಗೆ "ಎಂಬತ್ತು ಇರಬೇಕು ಚಿಕ್ಕಮ್ಮ" ಎಂದು ಕನ್ನಡಕ ತೆಗೆದ. ಎಂಬತ್ತು ಗೆರೆಯೆಂದರೆ 1600 ಮೀಟರ್ ಏರು. ಕಾಲು ಶತಮಾನದ ಹಿಂದೆ ಆ ದಾರಿಯಲ್ಲಿ ನನಗೆ ಯಾಕೆ ಹಾಗಾಯಿತು ಎಂಬುದನ್ನು ನಾನು ಅರ್ಥ ಮಾಡಿಕೊಂಡದ್ದು ಆ ದಾರವನ್ನು ನೋಡಿದಾಗಲೇ.

ಬೆಟ್ಟ ಹತ್ತುವವರ ನಡುವೆ ನೈಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿ 1892ರಲ್ಲಿ ಹೇಳಿದ ಒಂದು ಲೆಕ್ಕ ಇಂದಿಗೂ ಬಳಕೆಯಲ್ಲಿದೆ: ಸಮತಟ್ಟಿನಲ್ಲಿ ಐದು ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅದರಂತೆ ಸುಬ್ರಹ್ಮಣ್ಯದಿಂದ ಶಿಖರಕ್ಕೆ ಸುಮಾರು ಐದು ಗಂಟೆ ಸಾಕು. ಆದರೆ ಆ ಮಹಾನುಭಾವ ಲೆಕ್ಕ ಹಾಕಿದ್ದು ಸ್ಕಾಟ್ಲೆಂಡಿನ ತಣ್ಣನೆಯ ಬೆಟ್ಟಗಳಲ್ಲಿ, ಗಟ್ಟಿಮುಟ್ಟಾದ ಗಂಡಸರಿಗೆ. ನಮ್ಮ ಕರಾವಳಿ ಬದಿಯ ಕಾಡಿನಲ್ಲಿ, ಗಾಳಿಯಾಡದ ನೆರಳಿನಲ್ಲಿ ಬೆವರು ಮೈಯಿಂದ ಆರುವುದೇ ಇಲ್ಲ. ಆರದ ಬೆವರು ಮೈಯನ್ನು ತಂಪು ಮಾಡುವುದಿಲ್ಲ, ನೀರನ್ನು ಮಾತ್ರ ಖರ್ಚು ಮಾಡುತ್ತದೆ. ಐವತ್ತು ದಾಟಿದ ನನ್ನ ಮೊಣಕಾಲು ಮತ್ತು ಗೆಳತಿಯ ಹೊಸ ಬೂಟುಗಳನ್ನು ಸೇರಿಸಿಕೊಂಡು ನಾವು ಐದನ್ನು ಎಂಟು ಮಾಡಿದೆವು. ಇಳಿಯಲು ಐದು. ಒಟ್ಟು ಹದಿಮೂರು ಗಂಟೆ. ನವೆಂಬರಿನ ಹಗಲು ಇರುವುದೇ ಹನ್ನೊಂದೂವರೆ ಗಂಟೆ, ಅದರಲ್ಲೂ ದಟ್ಟ ಕಾಡಿನೊಳಗೆ ಕತ್ತಲು ಹೊರಗಿಗಿಂತ ಮುಂಚೆ ಕವಿಯುತ್ತದೆ. ಒಂದೇ ದಿನದಲ್ಲಿ ಸುಬ್ರಹ್ಮಣ್ಯದ ಕಡೆಯಿಂದ ಹತ್ತಿ ಇಳಿಯುವ ಆಸೆ ಅಲ್ಲಿಗೆ ಮುಗಿಯಿತು. ಉಳಿದದ್ದು ಸೋಮವಾರಪೇಟೆ ಬದಿಯ ಬೀದಳ್ಳಿ. ಆ ಕಡೆಯ ನೆಲವೇ ಎತ್ತರದ್ದಾದ್ದರಿಂದ ಏರೂ ಕಡಿಮೆ, ದೂರವೂ ಏಳು ಕಿಲೋಮೀಟರಿನಷ್ಟು ಮಾತ್ರ. ಮಗಳು ಕೆಂಪು ದಾರವನ್ನು ಎತ್ತಿ ಈ ಕಡೆಗೆ ಕೂರಿಸಿದಾಗ ಅದು ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚಾಯಿತು. ಉಳಿದ ದಾರವನ್ನು ಅಮ್ಮ ವಾಪಸು ಕೇಳಿ ಪಡೆದುಕೊಂಡರು.

ದೇವರ ಕಥೆಯಲ್ಲೂ ಈ ಬೆಟ್ಟಕ್ಕೆ ಎರಡು ಬದಿಗಳಿವೆ ಎಂದು ನನಗೆ ಅನ್ನಿಸುವುದುಂಟು. ತಾರಕಾಸುರನನ್ನು ಕೊಂದ ಕುಮಾರಸ್ವಾಮಿ ಇಲ್ಲಿಗೆ ಬಂದ, ಇಂದ್ರ ತನ್ನ ಮಗಳು ದೇವಸೇನೆಯನ್ನು ಅವನಿಗೆ ಕೊಟ್ಟು ಮಾರ್ಗಶಿರ ಶುದ್ಧ ಷಷ್ಠಿಯಂದು ಮದುವೆ ಮಾಡಿದ, ಅಭಿಷೇಕದ ನೀರೇ ಕುಮಾರಧಾರೆಯಾಯಿತು ಎಂಬುದು ಕ್ಷೇತ್ರದ ಐತಿಹ್ಯ. ಜನ ನೆರೆಯುವುದು ಕೆಳಗೆ ಸುಬ್ರಹ್ಮಣ್ಯದಲ್ಲಿ. ನೀರು ಹುಟ್ಟುವುದು ಮೇಲೆ ಪುಷ್ಪಗಿರಿಯ ಮಡಿಲಲ್ಲಿ. ಅದು ಮಲ್ಲಳ್ಳಿಯಲ್ಲಿ ಜಲಪಾತವಾಗಿ ಧುಮುಕಿ, ಘಟ್ಟ ಇಳಿದು, ಸುಬ್ರಹ್ಮಣ್ಯವನ್ನು ಹಾದು, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ. ಶಿಖರದ ಹುಲ್ಲುಗಾವಲು ಮತ್ತು ಕಣಿವೆಯ ಶೋಲಾಗಳು ಮಳೆಗಾಲದ ನೀರನ್ನು ಹೀರಿಕೊಂಡು ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವಾಗಿ ಬಿಡುವುದರಿಂದಲೇ ಷಷ್ಠಿಯ ಜಾತ್ರೆಗೆ ಬಂದವರಿಗೆ ಮುಳುಗು ಹಾಕಲು ಹೊಳೆಯಲ್ಲಿ ನೀರಿರುತ್ತದೆ.

ತಿಂಗಳ ಆಯ್ಕೆಯಲ್ಲಿ ಹೆಚ್ಚು ಚರ್ಚೆಯಾಗಲಿಲ್ಲ. ಮಳೆಗಾಲದಲ್ಲಿ ದಾರಿ ಮುಚ್ಚಿರುತ್ತದೆ, ಬೇಸಿಗೆಯಲ್ಲಿ ಹುಲ್ಲು ಒಣಗಿ ಕಾಳ್ಗಿಚ್ಚಿನ ಭಯಕ್ಕೆ ಮತ್ತೆ ಮುಚ್ಚುತ್ತದೆ. ನಡುವಿನ ತಿಂಗಳುಗಳಲ್ಲಿ ಷಷ್ಠಿಯ ವಾರ ಬಿಟ್ಟು, ಸಾಲುರಜೆಗಳನ್ನು ಬಿಟ್ಟು, ವಾರದ ನಡುವಿನ ಎರಡು ದಿನ ಹಿಡಿದೆವು. ನವೆಂಬರಿನಲ್ಲಿ ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಕೊಡಗಿನಲ್ಲೂ ಮಳೆ ಹಿಡಿಯುತ್ತದೆ ಎಂಬುದನ್ನು ಒಪ್ಪಿಕೊಂಡು, ಮಳೆ ಬಂದರೆ ನಡಿಗೆ ಬಿಟ್ಟು ಮಲ್ಲಳ್ಳಿ ನೋಡಿ ಬರುವುದೆಂದು ಬರೆದುಕೊಂಡೆವು.

ಟೆಂಟಿನ ಪರೀಕ್ಷೆ ನಮ್ಮ ತಾರಸಿಯ ಮೇಲೆ ನಡೆಯಿತು. ಸಿಮೆಂಟಿಗೆ ಗೂಟ ಹೊಡೆಯಲಾಗದು ಎಂಬುದು ಮೊದಲ ಐದು ನಿಮಿಷದಲ್ಲಿ ತಿಳಿಯಿತು. ನಾಲ್ಕು ಮೂಲೆಯ ಹಗ್ಗಗಳನ್ನು ತುಳಸಿ, ದಾಸವಾಳ, ಕರಿಬೇವಿನ ಕುಂಡಗಳಿಗೂ ನೀರಿನ ಟ್ಯಾಂಕಿನ ಕಾಲಿಗೂ ಕಟ್ಟಿದೆವು. ಆ ರಾತ್ರಿ ಹದವಾದ ಮಳೆ ಬಂತು. ನಾನೂ ಮಗಳೂ ಒಳಗೆ ಮಲಗಿದ್ದೆವು. ಎರಡು ಗಂಟೆಯ ಸುಮಾರಿಗೆ ನನ್ನ ಹಣೆಯ ಮೇಲೆ ಒಂದು ಹನಿ ಬಿತ್ತು, ಸ್ವಲ್ಪ ಹೊತ್ತಿಗೆ ಇನ್ನೊಂದು. ಹೊಲಿಗೆ ಸೋರುತ್ತಿದೆಯೆಂದು ಅಂಗಡಿಯವನನ್ನು ಮನಸ್ಸಿನಲ್ಲೇ ಬೈದುಕೊಂಡು ಟಾರ್ಚು ಹಾಕಿ ನೋಡಿದರೆ, ಹೊಲಿಗೆಯ ಜಾಗವೆಲ್ಲ ಒಣಗಿತ್ತು. ನೆತ್ತಿಯ ಬಟ್ಟೆಯ ತುಂಬ ಮಾತ್ರ ಸಾಸಿವೆ ಕಾಳಿನಷ್ಟು ಸಣ್ಣ ಹನಿಗಳು ಸಾಲುಗಟ್ಟಿ ಕುಳಿತಿದ್ದವು. ಬೆರಳು ತಾಗಿಸಿದ ಕಡೆ ಅವೆಲ್ಲ ಕೂಡಿಕೊಂಡು ಒಂದೇ ಗೆರೆಯಾಗಿ ಇಳಿದವು. ಅದು ಮಳೆಯ ನೀರಲ್ಲ, ನಮ್ಮಿಬ್ಬರ ಉಸಿರು. ಮಳೆಯ ಭಯಕ್ಕೆ ನಾವು ಗಾಳಿಕಿಂಡಿಗಳನ್ನೆಲ್ಲ ಮುಚ್ಚಿದ್ದೆವು. ಬಿಟ್ಟ ಉಸಿರಿನ ತೇವಕ್ಕೆ ಹೊರಹೋಗುವ ದಾರಿಯಿಲ್ಲದೆ ತಣ್ಣನೆಯ ಬಟ್ಟೆಗೆ ತಾಗಿ, ಅನ್ನದ ಪಾತ್ರೆಯ ಮುಚ್ಚಳದೊಳಗೆ ಆಗುವ ಹಾಗೆ ನೀರಾಗಿತ್ತು. ಕಿಂಡಿ ತೆರೆದು ಮಲಗಿದ ಮೇಲೆ ಹನಿ ನಿಂತಿತು. ಸುರಿಯುವ ಮಳೆಯಲ್ಲಿ ಕಿಟಕಿ ತೆರೆದಿಟ್ಟರೆ ಒಳಗೆ ಒಣಗಿರುತ್ತದೆ ಎಂಬುದನ್ನು ತಾರಸಿಯ ಮೇಲೆ ಕಲಿತದ್ದು ಒಳ್ಳೆಯದೇ ಆಯಿತು. ಬೆಳಿಗ್ಗೆ ಎದುರುಮನೆಯವರು, "ಮನೆಯಲ್ಲಿ ನೆಂಟರು ಜಾಸ್ತಿಯಾ?" ಎಂದು ವಿಚಾರಿಸಿದರು.

ಅಮ್ಮ ಈ ಯೋಜನೆಯನ್ನು ಒಪ್ಪಲಿಲ್ಲವಾದರೂ ಒಂದು ಖಾತೆಯನ್ನು ತಾವೇ ವಹಿಸಿಕೊಂಡರು. ಅದು ಉಂಬಳದ ಖಾತೆ. ಬಯಲುಸೀಮೆಯವರು ಜಿಗಣೆ ಎನ್ನುವುದನ್ನು ನಮ್ಮ ಕಡೆ ಉಂಬಳ ಎನ್ನುತ್ತಾರೆ, ಮತ್ತು ಅದರ ವಿಷಯದಲ್ಲಿ ನಮ್ಮ ಕಡೆಯ ಪ್ರತಿಯೊಬ್ಬರಿಗೂ ಒಂದೊಂದು ಶಾಸ್ತ್ರವಿರುತ್ತದೆ. ಅಮ್ಮನ ಶಾಸ್ತ್ರದ ಪ್ರಕಾರ ಹೊಗೆಸೊಪ್ಪನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಸ್ವಲ್ಪ ಸುಣ್ಣ ಸೇರಿಸಿ, ಆ ನೀರಿನಲ್ಲಿ ಕಾಲುಚೀಲ ಅದ್ದಿ ಒಣಗಿಸಬೇಕು. ನಾನು ಒತ್ತು ನೇಯ್ಗೆಯ, ಮೊಣಕಾಲವರೆಗೆ ಬರುವ ಉಂಬಳದ ಕಾಲುಚೀಲಗಳನ್ನು ಆಗಲೇ ತರಿಸಿದ್ದೆ. ಅಮ್ಮ ಅವನ್ನೂ ಬಿಡದೆ ಅದ್ದಿದರು. ಗೆಳತಿಗೆ ಇದೇ ದೊಡ್ಡ ಭಯವಾದ್ದರಿಂದ ಅವಳಿಗೆ ವಿವರಿಸಿದೆ: ಕಚ್ಚಿದ್ದು ಗೊತ್ತೇ ಆಗುವುದಿಲ್ಲ, ರಕ್ತ ಹೆಪ್ಪುಗಟ್ಟದಂತೆ ಮಾಡುವ ಹಿರುಡಿನ್‌ನಂಥ ವಸ್ತುವನ್ನು ಅದು ಗಾಯಕ್ಕೆ ಬಿಡುವುದರಿಂದ ಬಿದ್ದುಹೋದ ಮೇಲೂ ಸುಮಾರು ಹೊತ್ತು ರಕ್ತ ಒಸರುತ್ತದೆ, ಹೆದರಬೇಕಾಗಿಲ್ಲ, ಕಿತ್ತೆಳೆಯದೆ ಉಗುರನ್ನು ಬಾಯಿಯ ಅಡಿಗೆ ಜಾರಿಸಿ ಬಿಡಿಸಬೇಕು. ಅವಳು ಎಲ್ಲವನ್ನೂ ಕೇಳಿ, "ಎಷ್ಟು ಹೊತ್ತು ಅಂದ್ರೆ ಎಷ್ಟು?" ಎಂದಳು.

ಉಂಬಳಕ್ಕಿಂತ ಅಮ್ಮನಿಗೆ ನಿಜವಾದ ಭಯವಿರುವುದು ಉಣ್ಣೆ ಎಂಬ ರಕ್ತ ಹೀರುವ ಸಣ್ಣ ಹುಳುವಿನದು. ಅವರ ಪ್ರಾಯದ ಮಲೆನಾಡಿನವರಿಗೆಲ್ಲ ಮಂಗನ ಕಾಯಿಲೆಯ ನೆನಪು ಇದ್ದೇ ಇರುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ಪತ್ತೆಯಾದ ಆ ವೈರಸ್ ಉಣ್ಣೆ ಕಚ್ಚುವುದರಿಂದ ಮನುಷ್ಯರಿಗೆ ಬರುತ್ತದೆ. ಚಳಿಗಾಲದಿಂದ ಮಳೆ ಹಿಡಿಯುವವರೆಗೆ ಅದರ ಕಾಲ. ನಾವು ಹೋಗುವುದು ಅದರ ಮೂಲ ಸೀಮೆಯಲ್ಲ ಎಂದರೂ ಅಮ್ಮ ಕೇಳಲಿಲ್ಲ: ಸೊಪ್ಪಿನ ಮೇಲೆ, ಎಲೆರಾಶಿಯ ಮೇಲೆ ಕುಳಿತುಕೊಳ್ಳಬಾರದು, ತುಂಬು ತೋಳಿನ ಅಂಗಿ ಹಾಕಬೇಕು, ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಮೈ ಉಜ್ಜಿ ಸ್ನಾನ ಮಾಡಬೇಕು. ಕ್ಯಾಂಪಿಂಗ್ ಬಗ್ಗೆ ನಾನು ಓದಿದ ಯಾವ ಪಟ್ಟಿಯಲ್ಲೂ ಇಷ್ಟು ಖಚಿತವಾದ ಸೂಚನೆಗಳಿರಲಿಲ್ಲ.

ಹಾವಿನ ವಿಷಯಕ್ಕೆ ಬಂದಾಗ ಮಾತ್ರ ಮನೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ನಮ್ಮ ದೇಶದಲ್ಲಿ ಸಿಗುವ ವಿಷಪ್ರತಿರೋಧಕ ಔಷಧ ತಯಾರಾಗುವುದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ. ಘಟ್ಟದ ತೇವದ ಕಾಡಿನಲ್ಲಿ ಬಂಡೆಯ ಮೇಲೆ, ಬಳ್ಳಿಯ ಮೇಲೆ ಎಲೆಯ ಬಣ್ಣದಲ್ಲೇ ಅಲ್ಲಾಡದೆ ಕುಳಿತಿರುವ ಗುಳಿಮಂಡಲ ಆ ನಾಲ್ಕರಲ್ಲಿಲ್ಲ. ಅದರ ಕಡಿತ ಸಾಮಾನ್ಯವಾಗಿ ಪ್ರಾಣಕ್ಕೆ ಬರುವಂಥದ್ದಲ್ಲ, ಆದರೂ ಬೀದಳ್ಳಿಯಿಂದ ಆಸ್ಪತ್ರೆಗೆ ಇರುವ ದಾರಿಯನ್ನು ನೆನೆದರೆ ಕಚ್ಚಿಸಿಕೊಳ್ಳದಿರುವುದೇ ಚಿಕಿತ್ಸೆ. ಆದ್ದರಿಂದ ಗಟ್ಟಿ ಬೂಟು, ಕೈಯಲ್ಲೊಂದು ಕೋಲು, ನೋಡದೆ ಬಂಡೆಯ ಸಂದಿಗೆ ಕೈಯಿಡುವಂತಿಲ್ಲ ಎಂಬ ನಿಯಮ, ಮತ್ತು ಕಿವಿಗೆ ಇಯರ್‌ಫೋನ್ ಹಾಕುವಂತಿಲ್ಲ ಎಂಬ ಇನ್ನೊಂದು ನಿಯಮ. ಕೊನೆಯದು ಹಾವಿಗಿಂತ ಹೆಚ್ಚಾಗಿ ಆನೆಗಾಗಿ. ಬಿದಿರು ಮುರಿಯುವ ಸದ್ದು ಕೇಳಿಸಿಕೊಳ್ಳುವ ಕಿವಿ ಖಾಲಿ ಇರಬೇಕು.

ಮತ್ತೆ ತಕ್ಕಡಿಗೆ ಬರುತ್ತೇನೆ. ಬೀದಳ್ಳಿಯಿಂದ ಹಗಲಿನ ನಡಿಗೆಗೆ ಪ್ರತಿಯೊಬ್ಬರ ಬೆನ್ನಿನ ಮೇಲೆ ಏನೇನು ಎಂಬುದನ್ನು ಹಾಲಿನ ಪುಸ್ತಕದಲ್ಲಿ ಗ್ರಾಂ ಲೆಕ್ಕದಲ್ಲಿ ಬರೆದಿದ್ದೇವೆ. ನೀರು ಮೂರು ಲೀಟರ್, ಅಂದರೆ ಮೂರು ಕಿಲೋ. 1997ರ ನಂತರ ಈ ಅಂಕಿಯ ಬಗ್ಗೆ ನಾನು ಚೌಕಾಸಿಗೆ ಇಳಿಯುವುದಿಲ್ಲ. ಪ್ಯಾಕೆಟ್ಟಿನ ತಿಂಡಿ ಬೇಡವೆಂದು ಮೊದಲೇ ತೀರ್ಮಾನವಾಗಿತ್ತು, ಪ್ಲಾಸ್ಟಿಕ್ ಒಯ್ದರೆ ಅದನ್ನು ವಾಪಸು ಹೊತ್ತು ತರಬೇಕು. ಆದ್ದರಿಂದ ಚಪಾತಿಗೆ ಶೇಂಗಾ ಚಟ್ನಿಪುಡಿ ಮತ್ತು ತುಪ್ಪ ಸವರಿ ಸುರುಳಿ ಸುತ್ತಿದ್ದು ತಲಾ ನಾಲ್ಕು, 280 ಗ್ರಾಂ. ಬೆಲ್ಲ, ತೆಂಗಿನತುರಿ ಕಲಸಿದ ಹುರಿಹಿಟ್ಟು ಸ್ಟೀಲ್ ಡಬ್ಬಿಯಲ್ಲಿ, ಡಬ್ಬಿಯ ಸಮೇತ 410 ಗ್ರಾಂ. ಉಪ್ಪು, ಸಕ್ಕರೆ, ನಿಂಬೆಹಣ್ಣು. ಒಂದು ಸ್ವೆಟರ್, ಯಾಕೆಂದರೆ ಸಾವಿರ ಮೀಟರ್ ಏರಿದರೆ ಆರೂವರೆ ಡಿಗ್ರಿಯಷ್ಟು ತಣ್ಣಗಾಗುತ್ತದೆ, ಬೆವರಿದ ಮೈಗೆ ಶಿಖರದ ಗಾಳಿ ಅದನ್ನು ಇನ್ನಷ್ಟು ಮಾಡುತ್ತದೆ. ಮಳೆಯಂಗಿ, ಟಾರ್ಚು, ಸೀಟಿ, ಗಾಯದ ಪಟ್ಟಿ. ಅಕ್ಕನ ಮಗ ಡ್ರೋನ್ ತೂಗಲು ತಂದಿದ್ದ. ವನ್ಯಧಾಮದಲ್ಲಿ ಅದನ್ನು ಹಾರಿಸುವಂತಿಲ್ಲ ಎಂದು ಗೊತ್ತಿದ್ದೂ ತಂದಿದ್ದ, ಮುಖ ಸಣ್ಣದು ಮಾಡಿಕೊಂಡು ವಾಪಸು ಒಯ್ದ.

ಒಂದು ವಿಷಯಕ್ಕೆ ಮಾತ್ರ ನಾವು ಜಗಳವನ್ನೇ ಆಡಿದೆವು: ಹಿಂತಿರುಗುವ ಹೊತ್ತು. ಎಲ್ಲಿಯೇ ಇರಲಿ, ಶಿಖರ ಕಣ್ಣೆದುರಿಗೇ ಇರಲಿ, ಮಧ್ಯಾಹ್ನ ಹನ್ನೆರಡೂವರೆಗೆ ತಿರುಗಬೇಕು ಎಂದು ನಾನು ಬರೆದೆ. ಇನ್ನೂರು ಮೀಟರ್ ಬಾಕಿಯಿದ್ದರೂ ತಿರುಗಬೇಕೇ ಎಂದು ಮಗಳು ಕೇಳಿದಳು. ಹೌದು. ಹತ್ತು ನಿಮಿಷದ ದಾರಿಯಿದ್ದರೂ? ಹೌದು. "ಹಾಗಾದ್ರೆ ಹೋಗೋದು ಯಾಕೆ?" ಎಂದು ಅವಳು ಎದ್ದು ಹೋದಳು. ಎರಡು ದಿನದ ಮೇಲೆ ನೋಡಿದರೆ, ಪುಸ್ತಕದಲ್ಲಿ ನನ್ನ ಹನ್ನೆರಡೂವರೆಯ ಪಕ್ಕದಲ್ಲಿ ಅವಳ ಕೈಬರಹದಲ್ಲಿ ‘ಬೆಳಿಗ್ಗೆ 6.30ಕ್ಕೆ ಅಲ್ಲ, ಕಾಡಿನ ಗೇಟು ತೆರೆದ ತಕ್ಷಣ ಹೊರಡುವುದು’ ಎಂದು ಬರೆದಿತ್ತು. ಈ ಹೊತ್ತನ್ನೇ ಒಂದು ಚೀಟಿಯಲ್ಲಿ ಬರೆದು ತೋಟದ ಮನೆಯಲ್ಲಿ ಕೊಟ್ಟು ಹೋಗುವುದೆಂದೂ, ಸಂಜೆ ಐದಕ್ಕೆ ನಾವು ಬರದಿದ್ದರೆ ಅರಣ್ಯ ಇಲಾಖೆಯವರಿಗೆ ಹೇಳುವಂತೆ ಕೇಳಿಕೊಳ್ಳುವುದೆಂದೂ ತೀರ್ಮಾನಿಸಿದೆವು, ಏಕೆಂದರೆ ಮೊಬೈಲಿನ ಸಿಗ್ನಲ್ಲನ್ನು ಆ ಕಣಿವೆಯಲ್ಲಿ ನಂಬುವಂತಿಲ್ಲ.

ನಿನ್ನೆ ಸಂಜೆ, ಊಟಕ್ಕೆ ಎಷ್ಟು ಜನ, ಮಾಂಸ ತಿನ್ನುವವರು ಇದ್ದಾರೆಯೇ ಎಂದು ಕೇಳಲು ತೋಟದ ಮನೆಯಿಂದ ಫೋನ್ ಬಂತು. ಎಲ್ಲ ಮಾತಾಡಿ ಮುಗಿಸಿ, ಇಡುವ ಮೊದಲು ಸಹಪಾಠಿಯ ಅಣ್ಣ ಸಹಜವಾಗಿ ಹೇಳಿದರು: "ಅದೊಂದು ಟೆಂಟ್ ವಿಷ್ಯ ಹೇಳಿದ್ರಲ್ಲಮ್ಮ, ಅಂಗಳದಲ್ಲಿ ಆಗಲ್ಲ. ಮೊನ್ನೆ ಎರಡು ದಿವ್ಸದಿಂದ ಆನೆ ತೋಟಕ್ಕೆ ಬರ್ತಾ ಇದೆ, ಬಾಳೆ ಎಲ್ಲ ಮುರಿದು ಹಾಕಿದೆ. ಕಣದವರೆಗೂ ಬಂದು ಹೋಗಿದೆ. ಅಟ್ಟದ ಮೇಲೆ ಹಾಸಿಗೆ ಹಾಕಿಸ್ತೀನಿ, ಅಲ್ಲಿಂದ ಬೆಟ್ಟ ಚೆನ್ನಾಗೇ ಕಾಣುತ್ತೆ."

ನಾನು ಫೋನಿಟ್ಟು ಸುದ್ದಿ ಹೇಳಿದೆ. ಅಮ್ಮ ಏನೂ ಅನ್ನಲಿಲ್ಲ, ದೇವರ ಮುಂದಿನ ದೀಪಕ್ಕೆ ಎಣ್ಣೆ ಹಾಕಲು ಎದ್ದರು. ಹಾಲಿನ ಪುಸ್ತಕ ತೆರೆದು ಮೊದಲ ಸಾಲಿನ 2,640 ಗ್ರಾಂ ಹೊಡೆದುಹಾಕಲು ಪೆನ್ನು ಎತ್ತಿಕೊಂಡೆ. ಮಗಳು ಪುಸ್ತಕವನ್ನು ನನ್ನ ಕೈಯಿಂದ ಕಿತ್ತುಕೊಂಡು, ಫೋನನ್ನು ನನ್ನ ಕಡೆಗೆ ನೂಕಿದಳು.

"ಅಟ್ಟಕ್ಕೆ ಹಲಗೆಯಾ, ಸಿಮೆಂಟಾ, ಕೇಳು ಅಮ್ಮ."